ಎಣಿಕೆಯ ಗ್ರಂಥವೊಂದನ್ನು ಓದಿ

ಸಾಹಿತ್ಯಕ್ಕೆಂದು ಮೀಸಲಾದ ಪುಟದಲ್ಲಿ ಸರ್ಕಾರದ ವರದಿಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ವಾಚಕರು ಕೇಳಬಹುದು. ಅದರಲ್ಲಿ ಕಥೆಯಿಲ್ಲ, ಪಾತ್ರಗಳಿಲ್ಲ. ಉಪಮೆ ಉತ್ಪ್ರೇಕ್ಷೆಗಳ ಮಾತಂತೂ ದೂರವೇ ಉಳಿಯಿತು. ಇರುವುದೆಲ್ಲ ಅಂಕಿಗಳು, ಕೋಷ್ಟಕಗಳು. ಆದರೆ ನಮ್ಮ ಮನೆಗಳಲ್ಲಿ ಯಾವ ಕಾದಂಬರಿಯ ಮಾತಿಗಿಂತಲೂ ಹೆಚ್ಚಾಗಿ ಓಡಾಡುವ ವಾಕ್ಯಗಳು ಇಂಥ ಗ್ರಂಥಗಳಿಂದಲೇ ಹೊರಟವು. "ಇಡೀ ದೇಶದಲ್ಲಿ ಕಾಲೇಜುಗಳು ಹೆಚ್ಚಾಗಿರುವುದು ನಮ್ಮ ಬೆಂಗಳೂರಿನಲ್ಲಿ" ಎಂದು ಮಲ್ಲೇಶ್ವರದ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತ ಹಿರಿಯರೊಬ್ಬರು ಹೆಮ್ಮೆಪಡುತ್ತಾರೆ. "ಆದರೇನು, ಹೊರದೇಶಗಳ ಮುಂದೆ ನಾವಿನ್ನೂ ಹಿಂದೆ" ಎಂದು ಪಕ್ಕದವರು ನಿಟ್ಟುಸಿರು ಬಿಡುತ್ತಾರೆ. ಹೆಮ್ಮೆಗೂ ನಿಟ್ಟುಸಿರಿಗೂ ಆಧಾರ ಅಂಕಿಯೇ. ಜನರ ಮಾತನ್ನು ಇಷ್ಟರಮಟ್ಟಿಗೆ ತಿದ್ದುವ ಬರಹ ಯಾವುದೇ ಇರಲಿ, ಅದನ್ನು ಪದ ಹಿಡಿದು ಓದಿನೋಡುವುದು ವಿಮರ್ಶಕನ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಗ್ರಂಥದ ಹೆಸರು ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ; 2021-22ನೆಯ ಸಾಲಿನದು; ಹೊರಬಂದದ್ದು 2024ರ ಜನವರಿಯಲ್ಲಿ. ಪರದೆಯ ಮೇಲೆ ಓದುವ ಅಭ್ಯಾಸ ನನಗಿಲ್ಲದ ಕಾರಣ ಅದನ್ನು ಉಪ್ಪಾರಪೇಟೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಒಯ್ದು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದೆ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಈಗಿರುವ ಬಸ್ ನಿಲ್ದಾಣದಿಂದ ಇಳಿದು ಬಂದ ಹುಡುಗ ಹುಡುಗಿಯರಿಂದ ಅಂಗಡಿ ತುಂಬಿತ್ತು. ಕೈಯಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ. ಎಲ್ಲದಕ್ಕೂ ಮೂರು ಮೂರು ಪ್ರತಿ. ಕಾಲೇಜು ಸೇರುವ ಕಾಲ. ಯಂತ್ರದ ಬಳಿ ನಿಂತಿದ್ದ ತರುಣ ನನ್ನ ಹಾಳೆಗಳ ರಾಶಿಯನ್ನು ನೋಡಿ, "ಇದೇನು ಸಾರ್, ಇಷ್ಟು ದಪ್ಪ?" ಎಂದ.

"ದೇಶದಲ್ಲಿ ಕಾಲೇಜು ಓದುವವರ ಲೆಕ್ಕ ಕಣಪ್ಪ" ಎಂದೆ.

"ಹಾಗಾದ್ರೆ ಇದರಲ್ಲಿ ನಾನೂ ಇದೀನಾ ಸಾರ್?"

ಅವನು 2021ರಲ್ಲಿ ಬಿ.ಕಾಂ. ಸೇರಿದ್ದನಂತೆ. ತಂದೆಗೆ ಕಾಯಿಲೆಯಾಗಿ ಎರಡನೆಯ ವರ್ಷಕ್ಕೆ ಹೋಗಲಿಲ್ಲವಂತೆ. ನನಗೆ ಕೂಡಲೇ ಉತ್ತರ ತೋಚಲಿಲ್ಲ. ಮನೆಗೆ ಬಂದು ಗ್ರಂಥವನ್ನು ಓದಿದ್ದೆಲ್ಲ ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ.

ಮೊದಲು ಗ್ರಂಥದ ಗುಣವನ್ನು ಹೇಳಬೇಕು. 2010-11ರಲ್ಲಿ ಆರಂಭವಾದ ಈ ಸಮೀಕ್ಷೆಗೆ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ತಾವೇ ನಮೂನೆ ತುಂಬಿ ವಿವರ ಒಪ್ಪಿಸುತ್ತವೆ. ಈ ಸಾಲಿನ ಲೆಕ್ಕದಲ್ಲಿ 1,168 ವಿಶ್ವವಿದ್ಯಾನಿಲಯಗಳು, 45,473 ಕಾಲೇಜುಗಳು, ಸುಮಾರು 4.33 ಕೋಟಿ ವಿದ್ಯಾರ್ಥಿಗಳು. ಇಷ್ಟು ವಿಸ್ತಾರವಾದ ದೇಶದಲ್ಲಿ ಇಷ್ಟನ್ನು ಒಂದು ಕಡೆ ಕೂಡಿಸುವುದೇ ಸಾಹಸ. ಅದರಿಂದ ತಿಳಿದುಬಂದದ್ದೂ ಅಲ್ಪವಲ್ಲ. ಹದಿನೆಂಟರಿಂದ ಇಪ್ಪತ್ತಮೂರು ವಯಸ್ಸಿನವರ ಸಂಖ್ಯೆಯೊಡನೆ ವಿದ್ಯಾರ್ಥಿಗಳ ಸಂಖ್ಯೆಯನ್ನು ತೂಗಿ ನೋಡಿದಾಗ ಬರುವ ಒಟ್ಟು ದಾಖಲಾತಿ ಅನುಪಾತ ಗಂಡಸರಲ್ಲಿ ನೂರಕ್ಕೆ 28.3, ಹೆಂಗಸರಲ್ಲಿ 28.5. ಪರಿಶಿಷ್ಟ ಜಾತಿಯವರಲ್ಲಿ 2014-15ರಲ್ಲಿ 18.9 ಇದ್ದದ್ದು 25.9ಕ್ಕೆ ಏರಿದೆ. ಎಣಿಸದೆ ಇದ್ದಿದ್ದರೆ ಈ ಮಾತನ್ನು ಯಾರು ಹೇಳಿದರೂ ಅದು ಅಭಿಪ್ರಾಯವಾಗುತ್ತಿತ್ತೇ ಹೊರತು ಸಂಗತಿಯಾಗುತ್ತಿರಲಿಲ್ಲ. ಅಂಕಿಯನ್ನು ಹಳಿಯುವುದು ಸುಲಭ. ಎಣಿಕೆಗೆ ಬಾರದೆ ಉಳಿದವರ ಕಷ್ಟ ಅದಕ್ಕಿಂತ ದೊಡ್ಡದು.

ಹೊರದೇಶಗಳ ವಿದ್ಯಾಭ್ಯಾಸವನ್ನು ನೋಡಿ ನಮ್ಮದನ್ನು ಅಳೆಯುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನ ಏರ್ಪಟ್ಟಾಗ ಅದರ ಮೂರು ಮುಖ್ಯ ವಿಷಯಗಳಲ್ಲಿ ಶಿಕ್ಷಣವೂ ಒಂದು. ಮುಂದೆ ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯ ಬೇಕೆ ಎಂಬ ಚರ್ಚೆ ಬಂದಾಗ ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಮರೂ ಅಮೆರಿಕ, ಆಸ್ಟ್ರೇಲಿಯಾಗಳ ವಿದ್ಯಾಭ್ಯಾಸದ ಪ್ರಗತಿಯನ್ನು ಕುರಿತು ವರದಿ ಒಪ್ಪಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗಂತೂ ಹೋಲಿಕೆಯ ಕೋಷ್ಟಕವೇ ವಾದದ ಆಯುಧ. 1920ರಲ್ಲಿ ಅವರು ಪ್ರಕಟಿಸಿದ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ' ಎಂಬ ಗ್ರಂಥದಲ್ಲಿ ಜಪಾನ್, ಕೆನಡಾ ಮೊದಲಾದ ದೇಶಗಳ ಪಕ್ಕದಲ್ಲಿ ಭಾರತವನ್ನು ನಿಲ್ಲಿಸಿ ತೋರಿಸಿದ್ದಾರೆ. ಆ ಹಳೆಯ ಹೋಲಿಕೆಯಲ್ಲಿ ಒಂದು ವಿಶೇಷವಿದೆ. ಇನ್ನೊಂದು ದೇಶದಲ್ಲಿ ಎಷ್ಟಿವೆ ಎಂದು ನೋಡಿದವರು, ಅವು ಏನು ಮಾಡುತ್ತವೆ ಎಂದೂ ನೋಡಿದರು. ನೋಡಿ ಬಂದು ಒಂದು ನಿರ್ಧಾರ ಕೈಗೊಂಡರು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ಅದೇ ಮೊದಲನೆಯದು. ಹೋಲಿಕೆ ಅಂದು ಕೆಲಸಕ್ಕೆ ಪೀಠಿಕೆಯಾಗಿತ್ತು. ಇಂದು ಅದು ಹೆಚ್ಚಾಗಿ ಸ್ಥಾನಮಾನದ ಪಟ್ಟಿಯಾಗಿ ನಮ್ಮ ಕೈಗೆ ಬರುತ್ತಿದೆ.

ಈಗ ಗ್ರಂಥದ ಪದಗಳಿಗೆ ಬರೋಣ. ಮೊದಲನೆಯದು 'ವಿಶ್ವವಿದ್ಯಾನಿಲಯ'. ಉಪ್ಪಾರಪೇಟೆಯಿಂದ ಸೆಂಟ್ರಲ್ ಕಾಲೇಜಿಗೆ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಆ ಸಂಸ್ಥೆ ಮೊದಲು ಮದರಾಸು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿತ್ತು. 1916ರಲ್ಲಿ ಮೈಸೂರಿಗೆ ಸೇರಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಮೂಲಸ್ಥಾನವಾಯಿತು. 2017ರಲ್ಲಿ ಆ ವಿಶ್ವವಿದ್ಯಾನಿಲಯವನ್ನು ಮೂರಾಗಿ ಮಾಡಿದಾಗ ಹೊಸದೊಂದರ ಕೇಂದ್ರವಾಯಿತು. ಕಲ್ಲಿನ ಕಟ್ಟಡ ಒಂದೇ. ಅದು ಕಂಡ ವಿಶ್ವವಿದ್ಯಾನಿಲಯಗಳು ನಾಲ್ಕು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಹಾರಾಣಿ ಕಾಲೇಜು ಇತರ ಕಾಲೇಜುಗಳೊಡನೆ ಕೂಡಿ ಕ್ಲಸ್ಟರ್ ವಿಶ್ವವಿದ್ಯಾನಿಲಯವಾಯಿತು. ನೃಪತುಂಗ ರಸ್ತೆಯ ಸರ್ಕಾರಿ ವಿಜ್ಞಾನ ಕಾಲೇಜು ನೃಪತುಂಗ ವಿಶ್ವವಿದ್ಯಾನಿಲಯವಾಯಿತು. 1917ರಲ್ಲಿ ಸ್ಥಾಪಿತವಾದ, ಕೃಷ್ಣರಾಜ ವೃತ್ತದ ಎಂಜಿನಿಯರಿಂಗ್ ಕಾಲೇಜಿಗೂ ಪ್ರತ್ಯೇಕ ಕಾನೂನಿನಿಂದ ವಿಶ್ವವಿದ್ಯಾನಿಲಯದ ಪದವಿ ಬಂತು. ಕೆಲವೇ ವರ್ಷಗಳಲ್ಲಿ ಒಂದು ನಡಿಗೆಯ ವಿಸ್ತಾರದೊಳಗೆ ಹೊಸ ವಿಶ್ವವಿದ್ಯಾನಿಲಯಗಳ ಸಾಲೇ ಮೂಡಿತು. ಈ ಬದಲಾವಣೆಗಳಿಗೆ ಸಕಾರಣಗಳಿರಬಹುದು. ಹಳೆಯ ವಿಶ್ವವಿದ್ಯಾನಿಲಯದ ಹೊರೆ ಮಿತಿಮೀರಿತ್ತು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ದೂರದಲ್ಲಿ ಕುಳಿತು ಎರಡು ವರ್ಷಗಳ ಕೋಷ್ಟಕವನ್ನು ಹೋಲಿಸುವವನಿಗೆ ಕಾಣುವುದು 'ಹೆಚ್ಚಳ' ಒಂದೇ. ಹಳೆಯ ಬೆಂಚಿನ ಮೇಲೆ ಹೊಸ ಹೆಸರು ಬರೆದದ್ದೂ ಹೊಸ ಬೆಂಚು ಹಾಕಿದ್ದೂ ಅವನಿಗೆ ಒಂದೇ ಆಗಿ ತೋರುತ್ತದೆ.

ಎರಡನೆಯ ಪದ 'ಕಾಲೇಜು'. ಬೆಂಗಳೂರು ನಗರ ಜಿಲ್ಲೆಯಲ್ಲಿ 1,106 ಕಾಲೇಜುಗಳು. ದೇಶದ ಜಿಲ್ಲೆಗಳಲ್ಲೆಲ್ಲ ಇದೇ ಮೊದಲು. ಮೇಲೆ ಹೇಳಿದ ವಯಸ್ಸಿನ ಒಂದು ಲಕ್ಷ ಜನಕ್ಕೆ ಕರ್ನಾಟಕದಲ್ಲಿ 66 ಕಾಲೇಜುಗಳು. ದೇಶದ ಸರಾಸರಿ 30, ಬಿಹಾರದಲ್ಲಿ 7. ಕಲ್ಲುಬೆಂಚಿನ ಹಿರಿಯರ ಹೆಮ್ಮೆಯ ಮೂಲ ಇದು. ಆದರೆ ಪುಟ ತಿರುವಿ ದಾಖಲಾತಿಯನ್ನು ನೋಡಿದರೆ ನಮ್ಮದು 36.2, ತಮಿಳುನಾಡಿನದು 47. ಕಾಲೇಜುಗಳ ಸಾಂದ್ರತೆಯಲ್ಲಿ ನಮಗಿಂತ ಹಿಂದಿರುವ ನೆರೆಯ ರಾಜ್ಯ ಓದುವವರ ಪ್ರಮಾಣದಲ್ಲಿ ಬಹಳ ಮುಂದಿದೆ. ಕಾರಣ ಗುಟ್ಟೇನಲ್ಲ. ದೇಶದ ಕಾಲೇಜುಗಳಲ್ಲಿ ಸುಮಾರು ಮೂರರಲ್ಲೊಂದು ಒಂದೇ ಒಂದು ಪದವಿಯನ್ನು ಬೋಧಿಸತಕ್ಕದ್ದು ಎಂದು ಇದೇ ಸಮೀಕ್ಷೆಯ ಹಿಂದಿನ ಸಂಪುಟಗಳು ತಿಳಿಸಿವೆ. ಮಹಡಿಯ ಮೇಲೆ ನಾಲ್ಕು ಕೋಣೆ ಹಿಡಿದು ನಡೆಸುವ ಬಿ.ಎಡ್. ಸಂಸ್ಥೆಯೂ ಒಂದು, ಸಾವಿರಾರು ಮಂದಿ ಓದುವ, ಪ್ರಯೋಗಶಾಲೆ ಪುಸ್ತಕಭಂಡಾರಗಳುಳ್ಳ ಕಾಲೇಜೂ ಒಂದು.

ನಮ್ಮ ಪೇಟೆಗಳ ಹೆಸರನ್ನೇ ನೋಡಿ. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಉಪ್ಪಾರಪೇಟೆ. ಒಂದು ಕಾಲದ ಕಸುಬನ್ನೂ ವ್ಯಾಪಾರವನ್ನೂ ಈ ಹೆಸರುಗಳು ಉಳಿಸಿಕೊಂಡಿವೆ. ಹೆಸರನ್ನೇ ನಂಬಿ ಯಾರಾದರೂ ಉಪ್ಪಾರಪೇಟೆಯಲ್ಲಿ ಇಂದಿಗೂ ಉಪ್ಪಿನ ಕಸುಬು ನಡೆಯುತ್ತಿದೆಯೆಂದು ಬರೆದುಕೊಂಡರೆ ನಾವು ನಕ್ಕುಬಿಡುತ್ತೇವೆ; ಇಲ್ಲಿರುವುದು ವಸತಿಗೃಹಗಳು, ಹೋಟೆಲುಗಳು, ಅಂಗಡಿಗಳು. 'ಕಾಲೇಜು' ಎಂಬ ಹೆಸರನ್ನು ನೋಡಿದಾಗ ಮಾತ್ರ ನಮಗೆ ಆ ವಿವೇಕ ಬರುವುದಿಲ್ಲ.

ಇನ್ನೊಂದು ತೊಡಕು ನಮ್ಮ ಭಾಷೆಯದೇ. ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಸೇರಿದ ಮಗನನ್ನು ನಾವು "ಕಾಲೇಜಿಗೆ ಹೋಗುತ್ತಾನೆ" ಎನ್ನುತ್ತೇವೆ. ಸಮೀಕ್ಷೆಯ ಕಣ್ಣಿನಲ್ಲಿ ಅವನಿನ್ನೂ ಶಾಲೆಯವನು. ಅದೇ ತರಗತಿಯಲ್ಲಿ ಪಕ್ಕದಲ್ಲಿ ಕೂತು ಓದಿ, ಅದೇ ವರ್ಷ ಪಾಲಿಟೆಕ್ನಿಕ್ ಸೇರಿದ ಗೆಳೆಯ ಉನ್ನತ ಶಿಕ್ಷಣದ ಲೆಕ್ಕಕ್ಕೆ ಬಂದುಬಿಡುತ್ತಾನೆ. ಇಬ್ಬರ ವಯಸ್ಸೂ ಹದಿನಾರು. ಗೆಳೆಯ ಮಾತ್ರ ಹದಿನೆಂಟು ದಾಟಿದವರ ಅನುಪಾತಕ್ಕೆ ತನ್ನ ಪಾಲು ಸಲ್ಲಿಸುತ್ತಾನೆ.

ಇದರಿಂದ ಮೂರನೆಯ ಪದಕ್ಕೆ, 'ಅನುಪಾತ'ಕ್ಕೆ, ಬಂದಂತಾಯಿತು. ಅನುಪಾತಕ್ಕೆ ಮೇಲೊಂದು ಅಂಶ, ಕೆಳಗೊಂದು ಛೇದ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನಮ್ಮ ಚರ್ಚೆಗಳಲ್ಲಿ ಛೇದದ ಗೊಡವೆಗೆ ಹೋಗುವವರು ವಿರಳ. 2019-20ನೆಯ ಸಾಲಿನ ವರದಿ ಬಂದಾಗ ದೇಶದ ಅನುಪಾತ 27.1 ಎಂದು ಪ್ರಕಟವಾಯಿತು. ಮರುವರ್ಷದ ವರದಿಯಲ್ಲಿ 27.3 ಎಂದಿತು. ಎರಡನ್ನೂ ಪಕ್ಕದಲ್ಲಿಟ್ಟವರು ಒಂದು ವರ್ಷದ ಪ್ರಗತಿ ಇಷ್ಟೇ ಸೊನ್ನೆ ದಶಮಾಂಶ ಎರಡೆ ಎಂದು ಕೇಳಿಯಾರು. ಅದು ತಪ್ಪು. ಮೊದಲನೆಯ ಅಂಕಿಯ ಛೇದ 2001ರ ಜನಗಣತಿಯಿಂದ ಅಂದಾಜು ಮಾಡಿದ್ದು. ಎರಡನೆಯದು 2011ರ ಜನಗಣತಿಯಿಂದ. ಹೊಸ ಛೇದದಿಂದ ಲೆಕ್ಕ ಹಾಕಿದರೆ 2019-20ರ ಅನುಪಾತವೇ 25.6ಕ್ಕೆ ಇಳಿಯುತ್ತದೆ. ಒಬ್ಬ ವಿದ್ಯಾರ್ಥಿಯೂ ಕಾಲೇಜು ಬಿಡದೆ ದೇಶದ ಅನುಪಾತ ನೂರಕ್ಕೆ ಒಂದೂವರೆಯಷ್ಟು ಕುಸಿಯಿತು! ವರದಿ ಇದನ್ನು ಬಚ್ಚಿಟ್ಟಿಲ್ಲ, ಸ್ಪಷ್ಟವಾಗಿಯೇ ಹೇಳಿದೆ ಎಂಬುದನ್ನು ನ್ಯಾಯಕ್ಕಾಗಿ ಒಪ್ಪಬೇಕು. ದೋಷ ಅದರದಲ್ಲ, ಅಂಕಿಯನ್ನು ಓದಿ ವಿವರಣೆಯನ್ನು ಬಿಡುವ ನಮ್ಮದು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋದದ್ದರಿಂದ ಈ ಹೊಸ ಛೇದವೂ ಅಂದಾಜೇ.

ರಾಜ್ಯರಾಜ್ಯಗಳ ಹೋಲಿಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕಾಸರಗೋಡಿನ ಕನ್ನಡದ ಹುಡುಗಿಯೊಬ್ಬಳು ಮಂಗಳೂರಿನಲ್ಲಿ ಓದುತ್ತಾಳೆಂದು ಇಟ್ಟುಕೊಳ್ಳಿ. ವಿದ್ಯಾರ್ಥಿನಿಯಾಗಿ ಅವಳು ಕರ್ನಾಟಕದ ಅಂಶಕ್ಕೆ ಸೇರುತ್ತಾಳೆ. ಅವಳ ಮನೆ ಕೇರಳದ ಜನಸಂಖ್ಯೆಯಲ್ಲಿದೆ. ಈಶಾನ್ಯದ ರಾಜ್ಯಗಳಿಂದ ಬೆಂಗಳೂರಿಗೆ ಬಂದು ಓದುವವರ ವಿಷಯವೂ ಹೀಗೆಯೇ. 2019-20ರಲ್ಲಿ ವಿದೇಶೀ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲಾಗಿತ್ತು. ಹೀಗೆ ಅತಿಥಿಗಳಿಂದ ಏರುವ ಅನುಪಾತವನ್ನು ನೋಡಿ ರಾಯಚೂರಿನ, ಯಾದಗಿರಿಯ ಮಕ್ಕಳೆಲ್ಲ ಕಾಲೇಜು ಸೇರಿದರೆಂದು ಸಮಾಧಾನಪಟ್ಟರೆ ಅದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಗುರಿಯ ಮಾತು ಬಂದಾಗ ಈ ಪದಾರ್ಥಗಳು ಬರಿಯ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2018ರ 26.3 ಎಂಬ ಅನುಪಾತವನ್ನು 2035ರ ವೇಳೆಗೆ 50ಕ್ಕೆ ಏರಿಸಬೇಕೆಂದಿತು. ಆ 26.3 ಹಳೆಯ ಛೇದದ ಮೇಲೆ ನಿಂತದ್ದು. ಗುರಿಯಾದ 50ರಲ್ಲಿ ವೃತ್ತಿಶಿಕ್ಷಣವೂ ಸೇರುತ್ತದೆಂದು ನೀತಿಯೇ ಹೇಳುತ್ತದೆ. ಹೊರಟ ಊರಿನ ಮೈಲಿಗಲ್ಲು ಒಂದು ಅಳತೆಯದು, ಮುಟ್ಟುವ ಊರಿನದು ಇನ್ನೊಂದು. ಇದರ ನಡುವೆ ಪದವಿಯ ಅವಧಿಯ ಪ್ರಶ್ನೆಯೂ ಉಂಟು. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿಗೆ ಹೊರಳಿತು, 2024-25ರಲ್ಲಿ ಮೂರು ವರ್ಷಕ್ಕೆ ಮರಳಿತು. ನಾಲ್ಕನೆಯ ವರ್ಷ ಉಳಿದು ಓದಿದ ಪ್ರತಿಯೊಬ್ಬನೂ ಮತ್ತೊಂದು ಸಲ ಎಣಿಕೆಗೆ ಬರುತ್ತಾನೆ. ಹೊಸಬನೊಬ್ಬ ಬಾಗಿಲೊಳಗೆ ಕಾಲಿಡದೆಯೂ ಅನುಪಾತ ಏರಬಹುದು.

ಒಂದೇ ದೇಶದೊಳಗೆ ಇಷ್ಟು ತೊಡಕಿರುವಾಗ ದೇಶದೇಶಗಳನ್ನು ತೂಗುವ ತಕ್ಕಡಿಯ ಪಾಡೇನು? ಯುನೆಸ್ಕೊ ಸಂಸ್ಥೆ 1976ರಷ್ಟು ಹಿಂದೆಯೇ ಶಿಕ್ಷಣದ ಅಂತರರಾಷ್ಟ್ರೀಯ ವರ್ಗೀಕರಣವನ್ನು ಹೊರತಂದು, 1997ರಲ್ಲೂ 2011ರಲ್ಲೂ ತಿದ್ದಿತು. ಭಾಷೆ ಬೇರೆಯಾದವರಿಗೆ ಒಂದು ನಿಘಂಟನ್ನು ಒದಗಿಸಿದ ಹಾಗೆ ಅದು ದೊಡ್ಡ ಉಪಕಾರ. ಆದರೂ ಅಲ್ಲಿ ಅನುಪಾತಕ್ಕೆ ಹಿಡಿಯುವುದು ಪ್ರೌಢ ಶಿಕ್ಷಣ ಮುಗಿದ ಮೇಲಿನ ಐದು ವರ್ಷಗಳ ವಯೋಮಾನ. ನಮ್ಮ ಸಮೀಕ್ಷೆ ಹಿಡಿಯುವುದು ಆರು ವರ್ಷಗಳದು. ಗ್ರೀಸ್ ದೇಶದ ಅನುಪಾತ ನೂರನ್ನೇ ಮೀರಿಹೋದದ್ದುಂಟು. ಅಲ್ಲಿ ವಿದ್ಯೆ ಉಕ್ಕಿ ಹರಿಯಿತೆಂದಲ್ಲ; ಒಮ್ಮೆ ಸೇರಿದವರ ಹೆಸರು ಎಷ್ಟೋ ವರ್ಷ ದಾಖಲೆಯಲ್ಲಿ ಉಳಿದುಬರುತ್ತಿದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಜರ್ಮನಿಯಲ್ಲಿ ದಾದಿಯರು ಬಹುಪಾಲು ಆಸ್ಪತ್ರೆಗೆ ಹೊಂದಿಕೊಂಡ ವೃತ್ತಿಶಾಲೆಗಳಲ್ಲಿ ಕಲಿಯುತ್ತಾರೆ, ವಿಶ್ವವಿದ್ಯಾನಿಲಯದಲ್ಲಲ್ಲ. ಬೆಂಗಳೂರಿನಲ್ಲಿ ಅದೇ ವಿದ್ಯೆಯನ್ನು ಕಲಿಯುವ ಹುಡುಗಿ ಬಿ.ಎಸ್ಸಿ. ಪದವಿಯ ವಿದ್ಯಾರ್ಥಿನಿ. ಇಬ್ಬರೂ ಒಂದೇ ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿಯಬಲ್ಲರು. ಕೋಷ್ಟಕದಲ್ಲಿ ಮಾತ್ರ ಒಬ್ಬಳು 'ಉನ್ನತ', ಮತ್ತೊಬ್ಬಳು ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಟಿನ್ ಟ್ರೋ 1973ರಲ್ಲಿ ಒಂದು ಮಾತು ಹೇಳಿದರು: ಓದುವವರ ಪ್ರಮಾಣ ನೂರಕ್ಕೆ ಹದಿನೈದರೊಳಗೆ ಇರುವಾಗ, ಹದಿನೈದನ್ನು ದಾಟಿದಾಗ, ಐವತ್ತನ್ನು ದಾಟಿದಾಗ, ಶಿಕ್ಷಣದ ಗಾತ್ರ ಮಾತ್ರವಲ್ಲ, ಅದರ ಉದ್ದೇಶವೂ ಬೋಧನೆಯ ಕ್ರಮವೂ ಬದಲಾಗುತ್ತವೆ. ನಾವು ಅವರ ಅಂಕಿಗಳನ್ನು ಕಲಿತೆವು; ಉಳಿದರ್ಧವನ್ನು ಮರೆತೆವು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ನೌಕರಿಯಲ್ಲಿದ್ದ ಕಡೆಯ ವರ್ಷಗಳಲ್ಲಿ ಒಂದು ಕಾಲೇಜಿನ ಪರವಾಗಿ (ಹೆಸರು ಬೇಡ) ಇಂಥದೇ ನಮೂನೆಗಳನ್ನು ತುಂಬಿದವನು. ಪುಸ್ತಕಭಂಡಾರದಲ್ಲಿ ಎಷ್ಟು ಪುಸ್ತಕಗಳಿವೆ ಎಂಬ ಪ್ರಶ್ನೆಗೆ ದಾಖಲೆ ಪುಸ್ತಕದ ಕೊನೆಯ ಕ್ರಮಸಂಖ್ಯೆಯನ್ನು ಬರೆದುಬಿಟ್ಟೆ. ಗೆದ್ದಲು ತಿಂದವು, ಎರವಲು ಹೋಗಿ ಬಾರದವು, ಮಳೆಗೆ ನೆಂದವು ಎಲ್ಲವೂ ಅದರಲ್ಲಿ ಚಿರಂಜೀವಿಗಳಾಗಿ ಉಳಿದವು. ಅಧ್ಯಾಪಕರ ಸಂಖ್ಯೆ ಬರೆಯುವಾಗ ಕೈ ತಡೆಯಿತು. ನಮ್ಮಲ್ಲಿ ಬೆಳಿಗ್ಗೆ ಪಾಠ ಹೇಳಿ, ಮಧ್ಯಾಹ್ನ ಬುತ್ತಿಯನ್ನು ಬಸ್ಸಿನಲ್ಲೇ ಉಂಡು, ಇನ್ನೊಂದು ಕಾಲೇಜಿಗೆ ಓಡುತ್ತಿದ್ದ ಅತಿಥಿ ಉಪನ್ಯಾಸಕರೊಬ್ಬರಿದ್ದರು. ಅವರನ್ನು ಪೂರ್ಣ ಎಣಿಸಿದರೆ ದೇಶದಲ್ಲಿ ಅವರು ಇಬ್ಬರಾಗುತ್ತಾರೆ. ಬಿಟ್ಟರೆ ಇಲ್ಲವೇ ಆಗುತ್ತಾರೆ. ಗಡುವು ಅಂದೇ ಮುಗಿಯುತ್ತಿತ್ತು. ಎಣಿಸಿದೆ. ಆ ವರ್ಷ ನಮ್ಮ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕನಿಗೆ ಇಷ್ಟು ವಿದ್ಯಾರ್ಥಿಗಳೆಂಬ ಪ್ರಮಾಣ ಚೆನ್ನಾಗಿಯೇ ಕಂಡಿತು. ಅವರ ಸಂಬಳ ಮಾತ್ರ ಬೇಸಿಗೆಯ ರಜೆಯಲ್ಲಿ ನಿಂತುಹೋಗುತ್ತಿತ್ತು. ಅದಕ್ಕೆ ನಮೂನೆಯಲ್ಲಿ ನಾನು ಬರೆಯುವ ಜಾಗ ಕಾಣಲಿಲ್ಲ. ಅಖಿಲ ಭಾರತದ ಮೊತ್ತ ನನ್ನಂಥವರ ಸಾವಿರಾರು ಸಂಜೆಗಳಿಂದ ಕೂಡಿದ್ದು ಎಂಬುದನ್ನು ಬಲ್ಲವನಾದ್ದರಿಂದ ಅದನ್ನು ಪೂಜಿಸಲಾರೆ. ಅದರಲ್ಲಿ ಪ್ರಾಮಾಣಿಕರ ಶ್ರಮವೂ ಇದೆಯೆಂದು ಬಲ್ಲೆನಾದ್ದರಿಂದ ಎಸೆಯಲಾರೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಇದು ಸಂಗ್ರಹಯೋಗ್ಯ ಗ್ರಂಥ. ಆದರೆ ನಿಘಂಟಿನೊಡನೆ ಓದಬೇಕಾದ ಗ್ರಂಥ. ಅಂಕಿಯೂ ಒಂದು ಮಾತೇ. ಯಾವ ಅರ್ಥದಲ್ಲಿ ಆಡಿದ್ದು ಎಂದು ತಿಳಿಯದೆ ಎರಡು ಮಾತುಗಳನ್ನು ಹೋಲಿಸಲಾಗದು. ಮುಂದಿನ ಸಂಪುಟಗಳು ಮುಖ್ಯ ಅಂಕಿಯೊಂದೊಂದರ ಪಕ್ಕದಲ್ಲೂ ಅದರ ಅಂಶ ಛೇದಗಳನ್ನು ಸಾಮಾನ್ಯ ಓದುಗನ ಭಾಷೆಯಲ್ಲಿ, ಸಾಧ್ಯವಾದರೆ ಕನ್ನಡದಲ್ಲೂ ತಿಳಿಸಿದರೆ ಉಪಕಾರವಾದೀತು. ಸೇರಿದವರ ಕೋಷ್ಟಕ ಒಂದು ಕಡೆ, ತೇರ್ಗಡೆಯಾದವರ ಕೋಷ್ಟಕ ಮತ್ತೊಂದು ಕಡೆ ಇವೆ. ಸೇರಿದವರಲ್ಲಿ ಯಾರು ಎಲ್ಲಿ ನಿಂತುಹೋದರು ಎಂಬುದನ್ನು ಅವೆರಡರಿಂದ ಹೊರಡಿಸಲು ಬರುವುದಿಲ್ಲ. ನನ್ನ ಮಟ್ಟಿಗೆ ಗ್ರಂಥದ ದೊಡ್ಡ ಕೊರತೆ ಇದೇ.

ಕಳೆದ ವಾರ ಮತ್ತೆ ಉಪ್ಪಾರಪೇಟೆಗೆ ಹೋಗಿದ್ದೆ. ಆ ತರುಣನಿಗೆ ಉತ್ತರ ಹೇಳಿದೆ: "ಈ ಪುಸ್ತಕದಲ್ಲಿ ನೀನಿದ್ದೀಯಪ್ಪ. ಮುಂದಿನದರಲ್ಲಿ ಇರಲಾರೆ."

ಅವನು ಹಾಳೆಗಳನ್ನು ಸರಿಮಾಡುತ್ತಲೇ ಕೇಳಿದ: "ಯಾಕೆ ಬಿಟ್ಟೆ ಅಂತ ಎಲ್ಲಾದ್ರೂ ಬರೆದಿದೆಯಾ ಸಾರ್?"

ಇಲ್ಲವೆಂದೆ. "ಹಾಗಾದ್ರೆ ಸಂಜೆ ಕಾಲೇಜಿಗೆ ಮತ್ತೆ ಸೇರಿದ್ರೆ ಹೊಸಬ ಅಂತಾನೇ ಬರ್ಕೋತಾರೆ, ಅಲ್ವಾ?" ಎಂದು ನಕ್ಕ. ಅವನ ಹಿಂದಿನ ಗೋಡೆಯ ಮೊಳೆಗೆ ಒಂದು ಪ್ರವೇಶದ ಅರ್ಜಿ ಸಿಕ್ಕಿಸಿತ್ತು, ಅರ್ಧ ತುಂಬಿತ್ತು.